ಬೋರ್ಡು ಮುಟ್ಟುವ ಮುನ್ನ

ಈ ವರ್ಷ ನನ್ನ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸನ್ನು ಕಚೇರಿಗೆ ಮರಳಿಸಿ ಬಂದೆ. ಮೊಣಕಾಲು ಏಣಿ ಹತ್ತಲು ಒಪ್ಪುತ್ತಿಲ್ಲ. ಏಣಿ ಹತ್ತದೆ ಕುರ್ಚಿಯಲ್ಲೇ ಕೂತು ಸಹಿ ಹಾಕುವ ಕಾಂಟ್ರ್ಯಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ನನಗೆ ಅದು ಸೇರುವುದಿಲ್ಲ. ಕಣ್ಣಿಂದ ನೋಡದ ಕೆಲಸಕ್ಕೆ ಸಹಿ ಹಾಕುವುದು ಉಣ್ಣದೆ ತೇಗಿದಂತೆ.

ಲೈಸೆನ್ಸ್ ಹೋದರೂ ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಹಿಂದಿರುವ ನಮ್ಮ ಅಂಗಡಿಗೆ ಹುಡುಗರು ಬರುವುದು ನಿಂತಿಲ್ಲ. ಇಂಡಿಯಿಂದ ಬರುತ್ತಾರೆ, ಸಿಂದಗಿಯಿಂದ ಬರುತ್ತಾರೆ. ಈಗೀಗ ಹುಡುಗಿಯರೂ ಬರುತ್ತಾರೆ, ನೋಡಿದರೆ ಎದೆ ತುಂಬುತ್ತದೆ. "ಅಕ್ಕಾರ, ಪರೀಕ್ಷಾದಾಗ ಏನೇನ್ ಕೇಳ್ತಾರ್ರಿ?" ಎಂದು ಗಟ್ಟಿಯಾಗಿ ಕೇಳುತ್ತಾರೆ. "ಆಫೀಸಿನಾಗ ಯಾರನ್ನ ಹಿಡೀಬೇಕ್ರಿ?" ಎಂದು ಮೆಲ್ಲಗೆ ಕೇಳುತ್ತಾರೆ. ಮೊದಲನೆಯದಕ್ಕೆ ಚಹಾ ತರಿಸಿ ಕೂಡಿಸಿಕೊಂಡು ಉತ್ತರ ಹೇಳುತ್ತೇನೆ. ಎರಡನೆಯದಕ್ಕೆ, "ಏಣಿ ಹಿಡೀರಿ, ಅದು ಗಟ್ಟಿ ಇರ್ತೈತಿ" ಎಂದು ಎಬ್ಬಿಸಿ ಕಳಿಸುತ್ತೇನೆ. ಎಲ್ಲರಿಗೂ ಒಂದೇ ಮಾತನ್ನು ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಇಷ್ಟು ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಮೂರು ಮೆಟ್ಟಿಲು. ವೈರ್‌ಮನ್ ಪರ್ಮಿಟ್ ಇದ್ದವರು ಕೈಯಿಂದ ಕೆಲಸ ಮಾಡಬಹುದು. ಸೂಪರ್‌ವೈಸರ್ ಪರ್ಮಿಟ್ ಇದ್ದವರು ಆ ಕೆಲಸವನ್ನು ಪರೀಕ್ಷಿಸಿ ಸರಿ ಇದೆ ಎನ್ನಬಹುದು. ಇಂಥ ಜನರನ್ನೂ ಬೇಕಾದ ಉಪಕರಣಗಳನ್ನೂ ಇಟ್ಟುಕೊಂಡ ಅಂಗಡಿಗೆ ಕಾಂಟ್ರ್ಯಾಕ್ಟರ್ ಲೈಸೆನ್ಸ್. ಆ ಲೈಸೆನ್ಸ್ ಇದ್ದವರು "ಕೆಲಸ ಮುಗಿದಿದೆ, ಅಪಾಯವಿಲ್ಲ" ಎಂದು ಬರೆದುಕೊಟ್ಟ ಮೇಲೆಯೇ ಮನೆಗಾಗಲಿ, ಗಿರಣಿಗಾಗಲಿ, ಹೊಲದ ಪಂಪಿಗಾಗಲಿ ಕರೆಂಟು ಬರುತ್ತದೆ. ಕಾಗದ ತೆಳ್ಳಗಿದ್ದರೂ ಅದರ ಹಿಂದೆ ಒಬ್ಬರ ಜೀವ ಇರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ, ಫೇಲಾಗಿ ಕಲಿತೆ.

ನನ್ನ ಹೆಸರು ಕಸ್ತೂರಿ. ಅಪ್ಪ ಲೈನ್‌ಮನ್. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸಿಗೆ ನನ್ನ ಹೆಸರು ಹಚ್ಚಿದಾಗ ಸೋದರತ್ತೆ ಮನೆಗೆ ಬಂದು, "ಹೆಣ್ಣ ಹುಡುಗಿಗಿ ಹೊಲಿಗಿ ಕಲಸೂದ ಬಿಟ್ಟು ಇದೇನೋ ತಮ್ಮಾ" ಎಂದು ಹಣೆ ಬಡಿದುಕೊಂಡಳು. ಅಪ್ಪ ಉಣ್ಣುತ್ತಾ ಕೂತಿದ್ದ. "ಹೊಲಿಗಿ ಮಿಷನ್ನಿಗೂ ಕರೆಂಟ್ ಬೇಕಲ್ಲಕ್ಕಾ, ಅದನ್ನರ ಕಲೀಲಿ" ಎಂದ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಗುರುಲಿಂಗಪ್ಪನವರು ನನ್ನನ್ನು ನೋಡಲು ಬಂದಾಗ ಅವರು ಆಗಲೇ ಕಾಂಟ್ರ್ಯಾಕ್ಟರ್ ಆಗಿದ್ದರು. ಅವಲಕ್ಕಿಯ ತಾಟು ಕೈಯಲ್ಲಿದ್ದರೂ ಕಣ್ಣು ನಮ್ಮ ಪಡಸಾಲೆಯ ಫ್ಯೂಸಿನ ಮೇಲಿತ್ತು. "ಇದನ್ನ ಯಾರ್ ಕಟ್ಯಾರ?" ಎಂದು ಕೇಳಿದರು. "ನಾನಽ ಕಟ್ಟೇನ್ರಿ" ಎಂದೆ. "ಚಲೋ ಕಟ್ಟೀರಿ" ಎಂದರು. ಹುಡುಗಿಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮದುವೆಯಾದ ಮೇಲೆ ಅವರ ಜೊತೆ ನಾಲ್ಕೂ ತಾಲೂಕು ತಿರುಗಿದೆ. ಮುದ್ದೇಬಿಹಾಳದ ಸಾಲಿ ಕಟ್ಟಡ, ಸಿಂದಗಿಯ ಹತ್ತಿ ಜಿನ್ನಿಂಗ್, ಇಂಡಿಯ ಕಡೆಯ ನಿಂಬೆ ತೋಟಗಳ ಪಂಪ್‌ಸೆಟ್ಟು, ಯಾವುದನ್ನೂ ಬಿಡಲಿಲ್ಲ. ನಮ್ಮ ಜೊತೆ ಮೈಬೂಬ ಎನ್ನುವ ವೈರ್‌ಮನ್. ನನಗಿಂತ ಸಣ್ಣವ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ, ಕೈಯೂ ಸುಮ್ಮನಿರುತ್ತಿರಲಿಲ್ಲ. ಅಂಥವನನ್ನು ಬಿಟ್ಟುಕೊಡಬಾರದು.

ಗಂಡನಿಂದ ನಾನು ಕಲಿತ ಮೊದಲ ಪಾಠ ನಮಸ್ಕಾರದ್ದು. ಕೆಲಸ ಶುರು ಮಾಡುವ ಮುನ್ನ ಬೋರ್ಡನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅವರಿಗೆ ಅವರ ಉಸ್ತಾದ್ ಕಲಿಸಿದ್ದು. ರೈತ ಬಿತ್ತುವ ಮುನ್ನ ಕೂರಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ, ಡ್ರೈವರ್ ಸ್ಟೇರಿಂಗ್ ಮುಟ್ಟಿಕೊಳ್ಳುತ್ತಾನೆ, ನಾವು ಬೋರ್ಡು ಮುಟ್ಟಿಕೊಳ್ಳುತ್ತಿದ್ದೆವು. ಕೆಲಸ ಮುಗಿದಾಗ ಇನ್ನೊಮ್ಮೆ. ಮೈಬೂಬನೂ ಬಿಸ್ಮಿಲ್ಲಾ ಎಂದು ಹಾಗೇ ಮಾಡುತ್ತಿದ್ದ. ನಮ್ಮ ಕಡೆಯ ಹಳೆಯ ವೈರ್‌ಮನ್‌ಗಳನ್ನು ಕೇಳಿ ನೋಡಿ, "ಕರೆಂಟು ದೇವರಿದ್ದಂಗ, ಮುನಿದರ ಮುಗೀತು" ಎನ್ನುತ್ತಾರೆ. ದೇವರನ್ನು ಮುಟ್ಟುವ ಮುನ್ನ ದೇವರು ಎಚ್ಚರವಿದ್ದಾನೋ ಇಲ್ಲವೋ ನೋಡಬೇಕು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ನನಗೆ ವೈರ್‌ಮನ್ ಪರ್ಮಿಟ್ ಇತ್ತು. ಸೂಪರ್‌ವೈಸರ್ ಪರೀಕ್ಷೆಗೆ ಕೂಡಲಿಲ್ಲ. ಒಂದು ಮನೆಗೆ ಒಂದು ಸಾಕಲ್ಲ ಎಂದು ಇಬ್ಬರೂ ಅಂದುಕೊಂಡಿದ್ದೆವು. ಹುಡುಗರೇ, ಹಾಗೆ ಅಂದುಕೊಳ್ಳಬೇಡಿ.

ಒಂದು ವರ್ಷ ಗಣಪತಿ ಹಬ್ಬದ ಮುಂದೆ ಗುರುಲಿಂಗಪ್ಪನವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ತಡವರಿಸಿದರೂ ಉಳಿಯಿತು, ಬಲಗೈ ಮತ್ತು ಬಲಗಾಲು ಉಳಿಯಲಿಲ್ಲ. ಆಗ ನಮ್ಮ ಕೈಯಲ್ಲಿದ್ದ ದೊಡ್ಡ ಕೆಲಸ ಮಸೂತಿ ಎಂಬ ಊರಿನ ಶಾಂತವ್ವನ ಹಿಟ್ಟಿನ ಗಿರಣಿ. ಶಾಂತವ್ವ ಗಂಡನಿಲ್ಲದ ಹೆಣ್ಣುಮಗಳು. ಶೆಡ್ಡು ಕಟ್ಟಿಸಿ, ಗಿರಣಿ ತಂದು ನಿಲ್ಲಿಸಿ, ಅದರ ಮೇಲೆ ಗೋಣಿಚೀಲ ಹೊದಿಸಿ ಕರೆಂಟಿಗಾಗಿ ಕಾಯುತ್ತಿದ್ದಳು. ವೈರಿಂಗ್ ಅರ್ಧ ಆಗಿತ್ತು. ನಾನು ಮತ್ತು ಮೈಬೂಬ ಉಳಿದರ್ಧ ಮುಗಿಸಬಲ್ಲೆವು. ಮುಗಿದಿದೆ ಎಂದು ಬರೆದುಕೊಡುವವರು ಯಾರು?

ಲೈಸೆನ್ಸ್ ಕಚೇರಿಗೆ ಹೋದೆ. ನಮ್ಮ ಕಡತ ನೋಡುತ್ತಿದ್ದವರು ಪಾಟೀಲರು. ಒಳ್ಳೆಯವರು, ಆದರೆ ಅವರ ಒಳ್ಳೆಯತನ ಕಡತದ ಹೊರಗೆ ಕಾಲಿಡುತ್ತಿರಲಿಲ್ಲ. ಎಲ್ಲ ಕೇಳಿದರು, ಯಜಮಾನರ ಆರೋಗ್ಯ ವಿಚಾರಿಸಿದರು, ಆಮೇಲೆ ಹೇಳಿದರು.

"ನೋಡ್ರಿ ಅಕ್ಕಾರ, ನಿಮ್ಮ ಅಂಗಡಿಗೆ ಕಾಂಟ್ರ್ಯಾಕ್ಟರೂ ಅವರಽ, ಸೂಪರ್‌ವೈಸರೂ ಅವರಽ. ಈಗ ಅವರ ಕೈಲೆ ಆಗೂದಿಲ್ಲ ಅಂದ್ರ ಅಂಗಡಿಗೆ ಸೂಪರ್‌ವೈಸರ್ ಇಲ್ಲ. ಮಾರ್ಚಿಗೆ ಲೈಸೆನ್ಸ್ ಮುಗೀತೈತಿ. ಸೂಪರ್‌ವೈಸರ್ ಇಲ್ದ ಮುಂದ ಹೋಗೂದಿಲ್ಲ."

"ನನ್ನ ಹೆಸರಿಗಿ ಮಾಡಿಕೊಡ್ರಲ್ಲ."

"ಲೈಸೆನ್ಸ್ ಹೊಲ ಅಲ್ರಿ, ಗಂಡನ ಹೆಸರಿಂದ ಹೆಂಡತಿ ಹೆಸರಿಗಿ ಹಚ್ಚಾಕ. ನೀವು ಸೂಪರ್‌ವೈಸರ್ ಪರೀಕ್ಷಾ ಪಾಸ್ ಮಾಡ್ರಿ, ಹೊಸಾದು ಹಾಕ್ರಿ. ಅಷ್ಟಽ ದಾರಿ."

ಇನ್ನೊಂದು ದಾರಿ ಇತ್ತು, ಪಾಟೀಲರು ಅದನ್ನು ಹೇಳಲಿಲ್ಲ. ಹೊರಗೆ ಚಹಾದಂಗಡಿಯಲ್ಲಿ ಒಬ್ಬ ಹೇಳಿದ. ಪರ್ಮಿಟ್ ಇದ್ದು ಕೆಲಸ ಮಾಡದ ಜನ ತಮ್ಮ ಹೆಸರನ್ನು ಅಂಗಡಿಗಳಿಗೆ ಬಾಡಿಗೆಗೆ ಕೊಡುತ್ತಾರಂತೆ. ಸೈಟಿಗೆ ಬರುವುದಿಲ್ಲ, ಹೆಸರು ಮಾತ್ರ ಬರುತ್ತದೆ. ಮನೆಗೆ ಬಂದು ಹೇಳಿದಾಗ ಹಾಸಿಗೆಯಲ್ಲಿದ್ದ ಗುರುಲಿಂಗಪ್ಪನವರು ಎಡಗೈ ಎತ್ತಿ ಬೇಡ ಎಂದರು. "ಯಾರದರ ಹೆಸರಿನ ಮ್ಯಾಲ ನಾ ಕರೆಂಟ್ ಕೊಡಿಸೂದಿಲ್ಲ. ಅಂಗಡಿ ಬಾಗಲಾ ಹಾಕು." ಮೈಬೂಬ ಬಾಗಿಲಲ್ಲಿ ನಿಂತಿದ್ದ. ಅಂಗಡಿ ಮುಚ್ಚಿದರೆ ಅವನ ಮನೆಯ ಒಲೆಯೂ ನಮ್ಮ ಜೊತೆಗೇ ಆರುತ್ತಿತ್ತು. ಅವನು ಮಾತಾಡದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಪರೀಕ್ಷೆಗೆ ಕೂಡುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ.

ಕೂಡುವುದಕ್ಕೆ ಅನುಭವ ಪತ್ರ ಬೇಕು. ಇಷ್ಟು ವರ್ಷ ಯಾರ ಕೈ ಕೆಳಗೆ ಕೆಲಸ ಮಾಡಿದಿರೋ ಆ ಕಾಂಟ್ರ್ಯಾಕ್ಟರು ಬರೆದುಕೊಡಬೇಕು. ನಮ್ಮವರು ಬರೆಸಿಕೊಟ್ಟರು. ಪಾಟೀಲರು ಓದಿ ಮರಳಿ ನನ್ನ ಮುಂದೆ ಇಟ್ಟರು.

"ಗಂಡ ಹೆಂಡತಿಗಿ ಕೊಟ್ಟ ಸರ್ಟಿಫಿಕೇಟ್ ಮ್ಯಾಲಿನ ಸಾಹೇಬ್ರು ಒಪ್ಪೂದಿಲ್ರಿ."

"ಯಾಕ್ರಿ? ಗಂಡ ಹೆಂಡತಿನ್ನ ಸುಳ್ಳಽ ಹೊಗಳ್ತಾನ ಅಂತೀರೇನು? ನಿಮ್ಮ ಮನ್ಯಾಗ ನೀವು ಹಂಗ ಹೊಗಳ್ತೀರೇನ್ರಿ?"

ಪಾಟೀಲರ ಪಕ್ಕದ ಮೇಜಿನವರು ನಕ್ಕುಬಿಟ್ಟರು. ಪಾಟೀಲರೂ ನಕ್ಕರು, ಪತ್ರ ಮಾತ್ರ ತೆಗೆದುಕೊಳ್ಳಲಿಲ್ಲ. ಕೆಲಸ ಮಾಡಿಸಿಕೊಂಡವರಿಂದ ಬರೆಸಿ ತನ್ನಿ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಬೈದುಕೊಳ್ಳುತ್ತಾ ಬಸ್ ಹತ್ತಿದೆ.

ಮುದ್ದೇಬಿಹಾಳದ ಹೆಡ್‌ಮಾಸ್ತರರು ಬರೆದುಕೊಟ್ಟರು. ಮಳೆಗಾಲದಲ್ಲಿ ಅವರ ಸಾಲಿಯ ಗೋಡೆಗೆ ಕರೆಂಟು ಇಳಿಯುತ್ತಿತ್ತು, ದೋಷ ಹುಡುಕಿ ತೆಗೆದವಳು ನಾನು ಎಂದು ಅವರಿಗೆ ನೆನಪಿತ್ತು. ಸಿಂದಗಿಯ ಜಿನ್ನಿಂಗ್ ಮಾಲಕರು ಮೊದಲು, "ಕೆಲಸಾ ಗುರುಲಿಂಗಪ್ಪಾರು ಮಾಡ್ಯಾರಲ್ರಿ" ಎಂದರು. "ಮೋಟಾರು ಉಲ್ಟಾ ತಿರಗಾಕತ್ತಾಗ ನೀವು ಯಾರಿಗಿ ಫೋನ್ ಹಚ್ಚಿದ್ರಿ?" ಎಂದೆ. "ಮನಿಗಿ ಹಚ್ಚಿದ್ದೆ." "ಎತ್ತಿದವರು ಯಾರು? ಬಂದವರು ಯಾರು?" ಅವರು ಪೆನ್ನು ಕೇಳಿದರು. ಆ ತಿರುಗಾಟದಲ್ಲಿ ಒಂದು ಮಾತು ನನಗೆ ಗಟ್ಟಿಯಾಯಿತು. ಕೆಲಸ ಮಾಡಿದರೆ ಸಾಲದು, ಮಾಡಿದ ದಿನವೇ ಮಾಡಿದವರ ಹೆಸರಿನಲ್ಲಿ ಒಂದು ಚೀಟಿ ಬರೆಸಿಕೊಂಡಿರಬೇಕು. ಹೆಣ್ಣುಮಕ್ಕಳು ಇದನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಈಗ ಎಲ್ಲ ಕಂಪ್ಯೂಟರಿನಲ್ಲಿ ಹಾಕುವುದಂತೆ. ಫೋಟೋ ದೊಡ್ಡದಾಯಿತು, ಸಣ್ಣದಾಯಿತು ಎಂದು ಅದೂ ಮರಳಿ ಕಳಿಸುತ್ತದಂತೆ. ಪಾಟೀಲರಾದರೆ ಮರಳಿ ಕಳಿಸುವಾಗ ಯಾಕೆ ಎಂದಾದರೂ ಹೇಳುತ್ತಿದ್ದರು.

ಬರೆಯುವ ಪರೀಕ್ಷೆ ಸುಲಭವಾಯಿತು. ರೊಟ್ಟಿ ಬಡಿಯುತ್ತಾ ನಿಯಮ ಬಾಯಿಪಾಠ ಮಾಡಿದೆ, ಗುರುಲಿಂಗಪ್ಪನವರು ಹಾಸಿಗೆಯಿಂದಲೇ ತಪ್ಪು ತಿದ್ದಿದರು. ಉಳಿದದ್ದು ಕೈಕೆಲಸದ ಪರೀಕ್ಷೆ. ಎಳ್ಳ ಅಮಾವಾಸ್ಯೆಯ ಮುಂಚಿನ ವಾರ ಅದು. ಪರೀಕ್ಷಕರು ದೇಸಾಯಿ ಸಾಹೇಬರು, ಧಾರವಾಡದ ಕಡೆಯವರು, ಮೃದುವಾದ ದನಿ, ಗಟ್ಟಿಯಾದ ಮುಖ. ಮರದ ಚೌಕಟ್ಟಿಗೆ ಒಂದು ತಗಡಿನ ಬೋರ್ಡು ಜೋಡಿಸಿಟ್ಟಿದ್ದರು. ಅದರಲ್ಲಿ ದೋಷ ಹುಡುಕಿ ಸರಿಪಡಿಸಬೇಕಿತ್ತು. ನನ್ನ ಹೆಸರು ಕೂಗಿದರು. ಇದು ನನಗೆ ನೀರು ಕುಡಿದಷ್ಟು ಸುಲಭ ಎಂದು ಹೋಗಿ ನಿಂತೆ. ಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕಣ್ಣು ತೆರೆದಾಗ ಸಾಹೇಬರು ಪೆನ್ನಿನ ಟೋಪಿ ಮುಚ್ಚುತ್ತಿದ್ದರು.

"ಏನ್ ಮಾಡಿದ್ರಿ ತಂಗಿ?"

"ನಮಸ್ಕಾರ ಮಾಡಿದ್ನಿರಿ ಸಾಹೇಬ್ರ."

"ಅದರಾಗ ಕರೆಂಟ್ ಇತ್ತೋ ಇಲ್ಲೋ?"

"ಪರೀಕ್ಷಾ ಬೋರ್ಡ್ ಐತಲ್ರಿ, ಕರೆಂಟ್ ಇರೂದಿಲ್ಲ."

"ನಿಮಗ ಯಾರ್ ಹೇಳಿದ್ರು ಇರೂದಿಲ್ಲಂತ?"

ಯಾರೂ ಹೇಳಿರಲಿಲ್ಲ.

"ಹೋಗ್ರಿ, ಮುಂದಿನ ಸಲ ಬರ್ರಿ."

"ಸಾಹೇಬ್ರ, ಒಂದು ತಂತೀನೂ ಬಿಚ್ಚಿಲ್ರಿ ಇನ್ನಾ. ಕೈ ಮುಗಿದದ್ದಕ್ಕ ಫೇಲ್ ಮಾಡ್ತೀರೇನ್ರಿ?"

"ಕೈ ಮುಗೀರಿ, ನಾ ಬ್ಯಾಡ ಅನ್ನೂದಿಲ್ಲ. ಮುಟ್ಟಬ್ಯಾಡ್ರಿ. ಟೆಸ್ಟರ್ ಹಚ್ಚಿ ನೋಡಲಾರದ ಬೋರ್ಡಿಗಿ ಕೈ ಹಚ್ಚಿದವರಿಗಿ ನಾ ಸೂಪರ್‌ವೈಸರ್ ಪರ್ಮಿಟ್ ಕೊಟ್ಟರ, ನಿಮ್ಮನ್ನ ನೋಡಿ ಹತ್ತು ಮಂದಿ ಕೈ ಹಚ್ತಾರ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಟ್ಟಿನಿಂದ ಅತ್ತೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಾರೋ ತೀರಿಹೋಗಿರಬೇಕೆಂದುಕೊಂಡು, "ಹಣೆಬರಾ ಯವ್ವಾ, ಸಮಾಧಾನ ಮಾಡ್ಕೋ" ಎಂದು ಬೆನ್ನು ಸವರಿದಳು. ನಾನೂ ಹೌದೆಂದೆ. ಫೇಲಾದೆ ಎಂದು ಹೇಳುವುದಕ್ಕಿಂತ ಅದು ಸುಲಭವಿತ್ತು.

ಗುರುಲಿಂಗಪ್ಪನವರು ಕೇಳಿ ಕೆಂಡವಾದರು. ಕಾಯಿಲೆ ಬಿದ್ದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಅಂದ್ರ ನನ್ನ ಉಸ್ತಾದ್ ಕಲಿಸಿದ್ದು ತಪ್ಪೇನು? ನಾ ಇಷ್ಟ ವರ್ಷ ಮಾಡಿದ್ದು ತಪ್ಪೇನು? ಆ ಸಾಹೇಬನ ಮುಂದ ನೀ ಇನ್ನೊಮ್ಮಿ ಹೋಗಬ್ಯಾಡ." ನನಗೂ ಹಾಗೇ ಅನ್ನಿಸಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ವಾರ ನಾನು ಬೈದಷ್ಟು ನೆಲವನ್ನು ಯಾರೂ ಬೈದಿರಲಿಕ್ಕಿಲ್ಲ. ಆದರೆ ಮಾರ್ಚ್ ಹತ್ತಿರ ಬರುತ್ತಿತ್ತು. ಶಾಂತವ್ವ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, "ಯವ್ವಾ, ಗಿರಣಿ ಮ್ಯಾಲ ಇಲಿ ಮರಿ ಹಾಕ್ಯಾವ" ಎನ್ನುತ್ತಿದ್ದಳು.

ಆಗ ಲಚ್ಯಾಣದಲ್ಲಿ ಒಂದು ಮನೆಯ ಹಳೇ ವೈರಿಂಗ್ ಬದಲಿಸುವ ಕೆಲಸ ಬಂತು. ಇಂಡಿಯ ಒಬ್ಬ ಕಾಂಟ್ರ್ಯಾಕ್ಟರು ತನ್ನ ಲೈಸೆನ್ಸಿನಲ್ಲಿ ಹಿಡಿದ ಕೆಲಸ, ನನ್ನನ್ನೂ ಮೈಬೂಬನನ್ನೂ ಕೂಲಿಗೆ ಕರೆದಿದ್ದ. ಮನೆಯೊಡತಿ ಬಾಣಂತಿ ಮಗಳನ್ನು ಕರೆತಂದಿದ್ದಳು, ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ತೊಟ್ಟಿಲು ಇತ್ತು. ಮೈಬೂಬ ಮೇನ್ ಸ್ವಿಚ್ ತೆಗೆದ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಒಳಗಿನ ತಗಡಿನ ಬೋರ್ಡಿನ ಮುಂದೆ ಇಬ್ಬರೂ ನಿಂತೆವು. ನಾನು ಟೆಸ್ಟರ್ ಹಿಡಿದಿದ್ದೆ. ಬುದ್ಧಿ ಬಂದು ಹಿಡಿದದ್ದಲ್ಲ, ಸಿಟ್ಟಿನಿಂದ ಹಿಡಿದದ್ದು. ದೇಸಾಯಿ ಸಾಹೇಬರ ಪಾಠವನ್ನು ಒಪ್ಪಿಸಿ ತೋರಿಸಿ ಅಣಕಿಸಬೇಕಿತ್ತು.

"ವೈನಿ, ಮೇನ್ ತಗದೇನಿ, ಫ್ಯೂಸ್ ನನ್ನ ಕಿಸೆದಾಗ ಐತಿ. ಸಾಹೇಬ್ರು ಇಲ್ಲಿ ಯಾರೂ ಇಲ್ರಿ" ಎಂದು ಮೈಬೂಬ ನಕ್ಕ. ಬಿಸ್ಮಿಲ್ಲಾ ಎಂದು ಕೈ ಚಾಚಿದ. ಅಷ್ಟರಲ್ಲಿ ನಾನು ಟೆಸ್ಟರನ್ನು ತಗಡಿಗೆ ಹಚ್ಚಿದ್ದೆ. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು. ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಎಳೆದ ಜೋರಿಗೆ ಇಬ್ಬರೂ ಕೆಳಗೆ ಬಿದ್ದೆವು.

ಕರೆಂಟು ಎಲ್ಲಿಂದ ಬಂತು? ಪಕ್ಕದ ಮನೆಯ ಪ್ರೀತಿಯಿಂದ ಬಂತು. ಇವತ್ತು ಇವರ ಮನೆಯಲ್ಲಿ ಕರೆಂಟು ತೆಗೆಯುತ್ತಾರೆ, ಕೂಸಿಗೆ ಸೆಕೆಯಾಗುತ್ತದೆ ಎಂದು ಪಕ್ಕದ ಮನೆಯ ದೊಡ್ಡವ್ವ ತನ್ನ ಮನೆಯಿಂದ ಗೋಡೆ ಮೇಲೆ ಒಂದು ವೈರ್ ಕಳಿಸಿದ್ದಳು. ಎರಡೂ ತುದಿಗೆ ಪಿನ್ನು. ಒಂದು ತುದಿ ಅವಳ ಗೋಡೆಗೆ, ಇನ್ನೊಂದು ಇವರ ತೊಟ್ಟಿಲಿನ ಪಕ್ಕದ ಪಾಯಿಂಟಿಗೆ. ಫ್ಯಾನು ತಿರುಗಿತು, ಕೂಸು ಮಲಗಿತು. ಅದೇ ಕರೆಂಟು ಹಿಂಬಾಗಿಲಿನಿಂದ ಇಡೀ ಮನೆಗೆ ಹರಡಿತ್ತು. ಬೋರ್ಡಿನೊಳಗೆ ಒಂದು ಹಳೇ ತಂತಿಯ ಮೈ ಸುಲಿದು ತಗಡಿಗೆ ತಾಗಿತ್ತು. ನಮ್ಮ ಊರುಗಳಲ್ಲಿ ನೆರೆಯವರು ಹೀಗೇ ಇರುತ್ತಾರೆ, ಒಂದು ಬಟ್ಟಲು ಸಕ್ಕರೆ ಕೊಟ್ಟಂತೆ ಕರೆಂಟನ್ನೂ ಕೊಡುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮೈಬೂಬ ಕಟ್ಟೆಯ ಮೇಲೆ ಕೂತು ಜೇಬಿನಿಂದ ಫ್ಯೂಸು ತೆಗೆದು ಸುಮ್ಮನೆ ನೋಡುತ್ತಿದ್ದ. "ವೈನಿ, ಮನ್ಯಾಗ ಹೇಳಬ್ಯಾಡ್ರಿ" ಎಂದ. ಅವನ ಹೆಂಡತಿಗೆ ಹೇಳಲಿಲ್ಲ. ನನ್ನ ಗಂಡನಿಗೆ ಹೇಳಿದೆ.

ಗುರುಲಿಂಗಪ್ಪನವರು ಪೂರ್ತಿ ಕೇಳಿಸಿಕೊಂಡರು. ಮೈಬೂಬನ ಕೈ ಬೋರ್ಡಿನಿಂದ ಎಷ್ಟು ದೂರ ಇತ್ತು ಎಂದು ಒಂದೇ ಪ್ರಶ್ನೆ ಕೇಳಿದರು. ಗೇಣು ಎಂದೆ. ಮುಖ ಗೋಡೆಗೆ ತಿರುಗಿಸಿ ಮಲಗಿದರು. ಪರೀಕ್ಷೆಗೆ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಅವರ ಹಳೆಯ ಟೆಸ್ಟರು ನನ್ನ ಚೀಲದ ಮೇಲಿತ್ತು.

ಎರಡನೇ ಸಲ ದೇಸಾಯಿ ಸಾಹೇಬರು ನನ್ನನ್ನು ಗುರುತಿಸಿದರೂ ತೋರಿಸಿಕೊಳ್ಳಲಿಲ್ಲ. ನಾನು ಮೊದಲು ಟೆಸ್ಟರನ್ನು ಕರೆಂಟು ಇರುವ ಪಾಯಿಂಟಿಗೆ ಹಚ್ಚಿ ಅದು ಬದುಕಿದೆಯೇ ನೋಡಿದೆ. ಇದನ್ನು ಮರೆಯಬೇಡಿ, ಸತ್ತ ಟೆಸ್ಟರ್ ಎಲ್ಲವನ್ನೂ ಸತ್ತಿದೆ ಎನ್ನುತ್ತದೆ. ಆಮೇಲೆ ಬೋರ್ಡಿಗೆ ಹಚ್ಚಿದೆ. ಕೆಂಪು ದೀಪ ಹತ್ತಿತು. ಈ ಸಲ ಸಾಹೇಬರು ಬೇಕೆಂದೇ ಕರೆಂಟು ಬಿಟ್ಟಿದ್ದರು. ಮೇನ್ ತೆಗೆಸಿ, ಮತ್ತೆ ಹಚ್ಚಿ ನೋಡಿ, ದೀಪ ಹತ್ತದಿದ್ದ ಮೇಲೆ ಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

"ಅದನ್ನ ಬಿಡೂದಿಲ್ಲ ನೀವು" ಎಂದರು ಸಾಹೇಬರು.

"ಬಿಡೂದಿಲ್ರಿ. ಅದರ ಪಾಳಿ ಬರೂತನಾ ಕಾಯ್ತೇನಿ."

ಮುಖದ ಗಟ್ಟಿತನ ಒಂದು ಕ್ಷಣ ಸಡಿಲವಾಯಿತು. "ಕೆಲಸಾ ಶುರು ಮಾಡ್ರಿ" ಎಂದರು. ಪಾಸಾದೆ. ಅವರ ಕೈಯಲ್ಲಿ ಫೇಲಾದೆ ಎಂಬುದನ್ನು ಈಗ ಪಾಸಾದಷ್ಟೇ ಹೆಮ್ಮೆಯಿಂದ ಹೇಳುತ್ತೇನೆ. ನನ್ನ ಕಸುಬಿನಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಅಂಥವರು ಕಡಿಮೆ.

ಪರ್ಮಿಟ್ ಬಂತು, ಇನ್ನೇನು ಲೈಸೆನ್ಸ್ ಬಂದೇಬಿಟ್ಟಿತು ಎಂದುಕೊಂಡು ಪಾಟೀಲರ ಮುಂದೆ ಹೋಗಿ ಪೇಢೆ ಇಟ್ಟೆ. ಪೇಢೆ ತಿಂದರು. ಒಂದು ಅಂಗಡಿಗೆ ಎರಡು ಲೈಸೆನ್ಸ್ ಇರುವಂತಿಲ್ಲ, ಯಜಮಾನರು ತಮ್ಮದನ್ನು ಒಪ್ಪಿಸುತ್ತೇನೆ ಎಂದು ಸಹಿ ಮಾಡಿಕೊಡಬೇಕು ಎಂದರು. ಗುರುಲಿಂಗಪ್ಪನವರು ಎಡಗೈಯಿಂದ ಬಹಳ ಹೊತ್ತು ಹಿಡಿದು ಸಹಿ ಮಾಡಿದರು. ಆ ಅಕ್ಷರಗಳು ಹೊಸದಾಗಿ ಸಾಲಿಗೆ ಹೋದ ಮಕ್ಕಳ ಅಕ್ಷರದಂತಿದ್ದವು. ಪಾಟೀಲರು ಹಳೇ ಸಹಿ ಪಕ್ಕದಲ್ಲಿಟ್ಟು ನೋಡಿದರು.

"ಹೊಂದೂದಿಲ್ರಿ ಅಕ್ಕಾರ."

"ಹ್ಯಾಂಗ ಹೊಂದತೈತ್ರಿ? ಆ ಕೈ ಎತ್ತಾಕ ಬರೂದಿಲ್ಲ ಅಂತ ತಾನಽ ಇಷ್ಟೆಲ್ಲಾ ಮಾಡಾಕತ್ತೀವಿ?"

"ನನಗ ತಿಳೀತೈತ್ರಿ. ಕಡತಕ್ಕ ತಿಳಿಯೂದಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡು, ಸಾಕ್ಷಿ ಇಬ್ಬರದು ಹಾಕಿಸಿ ತರ್ರಿ. ಮಾರ್ಚ್ ಮುಗಿಯೂದ್ರಾಗ ಬಂತಂದ್ರ ನಾನಽ ನಿಂತು ಮಾಡಿಸಿಕೊಡ್ತೇನಿ. ಮಾರ್ಚ್ ದಾಟಿತಂದ್ರ ಎಲ್ಲಾ ಮೊದಲಿಂದ ಹಾಕಬೇಕು, ವರ್ಷ ಹಿಡೀತೈತಿ."

ಮನೆಗೆ ಬಂದು ಹೇಳಿದೆ. ಗುರುಲಿಂಗಪ್ಪನವರು ನನ್ನನ್ನೇ ನೋಡಿದರು. "ಹೆಬ್ಬೆಟ್ಟು?" ಎಂದರು. "ನಾಕೂ ತಾಲೂಕದಾಗ ನನ್ನ ಸಹಿ ಮ್ಯಾಲ ಕರೆಂಟ್ ಹರದೈತಿ. ಲೈಸೆನ್ಸ್ ತೊಗೊಳ್ಳುವಾಗ ಸಹಿ ಮಾಡಿ ತೊಗೊಂಡೇನಿ. ಕೊಡುವಾಗ ಹೆಬ್ಬೆಟ್ಟ ಒತ್ತಿ ಕೊಡೂದಿಲ್ಲ." ನಾನು ಬೇಡಿಕೊಂಡೆ, ಜಗಳವಾಡಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಈ ಜಗಳ ಉಂಡರೂ ಮಲಗಲಿಲ್ಲ. ಪರೀಕ್ಷೆ ಪಾಸಾದವಳ ಅಂಗಡಿ, ಹೆಬ್ಬೆಟ್ಟಿನಷ್ಟು ಜಾಗಕ್ಕಾಗಿ ಮುಚ್ಚುವ ಹಾಗಾಯಿತು. ಅವರ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಒತ್ತುತ್ತಿರಲಿಲ್ಲ.

ಬಿಸಿಲು ಏರತೊಡಗಿದ ಒಂದು ದಿನ ಶಾಂತವ್ವ ಮಸೂತಿಯಿಂದ ನೇರ ಅಂಗಡಿಗೇ ಬಂದಳು. ಗುರುಲಿಂಗಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಅವಳಿಗೆ ಸುತ್ತು ಹಾಕಿ ಮಾತಾಡಲು ಬರುವುದಿಲ್ಲ.

"ಯಪ್ಪಾ, ನಿನ್ನ ಸಹಿ ಚಂದ ಇತ್ತು ಅಂತ ಎಲ್ಲಾರೂ ಹೇಳ್ತಾರ. ಅದು ಜ್ವಾಳಾ ಬೀಸ್ತೈತೇನು? ಊರ ಹೆಣ್ಣಮಕ್ಕಳು ತಲಿ ಮ್ಯಾಲ ಬುಟ್ಟಿ ಹೊತ್ಗೊಂಡು ಮುಂದಿನ ಊರಿಗಿ ಬೀಸಾಕ ಹೊಂಟಾರ. ಬ್ಯಾರೇದವರ ಕಡೆ ಮಾಡಸ್ಲ್ಯಾ? ಅವರು ನಿನ್ನ ವೈರ್ ಎಲ್ಲಾ ಕಿತ್ತ ಒಗೀತೇವಿ ಅಂತಾರ."

ಕಿತ್ತು ಒಗೆಯುವ ಮಾತು ಅವರಿಗೆ ತಾಗಿತು. "ಕೆಲಸಾ ಪೂರಾ ಮುಗಿದೈತೇನು?" ಎಂದು ನನ್ನನ್ನು ಕೇಳಿದರು. ಮುಗಿದಿತ್ತು. ಹಿಂದಿನ ವಾರವೇ ನಾನೂ ಮೈಬೂಬನೂ ಮುಗಿಸಿದ್ದೆವು. "ಹಂಗಾರ ನೋಡ್ತೇನಿ. ನೋಡಲಾರದ ನಾ ಯಾವುದಕ್ಕೂ ಸಹಿ ಹಾಕಿಲ್ಲ, ಹೆಬ್ಬೆಟ್ಟೂ ಒತ್ತೂದಿಲ್ಲ."

ಮೈಬೂಬ ಯಾರದೋ ಟಂಟಂ ಗಾಡಿ ತಂದ. ನಾನು ಮತ್ತು ಅವನು ಕೂಡಿ ಅವರನ್ನು ಎತ್ತಿ ಕೂಡಿಸಿದೆವು. ನನ್ನ ಚೀಲದಲ್ಲಿ ಕಾಗದವೂ ಇತ್ತು, ಶಾಯಿಯ ಪ್ಯಾಡೂ ಇತ್ತು. ಅವು ಅಲ್ಲಿವೆ ಎಂದು ಅವರಿಗೂ ಗೊತ್ತಿತ್ತು.

ಗಿರಣಿಯ ಶೆಡ್ಡಿನಲ್ಲಿ ಮೈಬೂಬನ ಹೆಗಲ ಮೇಲೆ ಎಡಗೈ ಹಾಕಿ ಒಂದೊಂದೇ ಹೆಜ್ಜೆ ಇಡುತ್ತಾ ಎಲ್ಲ ನೋಡಿದರು. ಪೈಪಿನ ತಿರುವು ನೋಡಿದರು, ಮೋಟಾರಿನ ಸುತ್ತ ನೋಡಿದರು, ಹೊರಗೆ ಹೋಗಿ ಅರ್ಥಿಂಗಿನ ಗುಂಡಿಗೆ ನೀರು ಹಾಕಿಸಿ ನೋಡಿದರು. ನನಗೆ ದೇಸಾಯಿ ಸಾಹೇಬರ ಮುಂದೆಯೂ ಅಷ್ಟು ಅಂಜಿಕೆ ಆಗಿರಲಿಲ್ಲ. ಮೋಟಾರಿನ ಕಾಲಿನ ಹತ್ತಿರ ನಿಂತು, "ಈ ಬೋಲ್ಟ್ ಸಡ್ಲ ಐತಿ" ಎಂದರು. ಅರ್ಥಿಂಗ್ ತಂತಿಯ ಬೋಲ್ಟು, ನಿಜವಾಗಿಯೂ ಒಂದು ಸುತ್ತು ಸಡಿಲವಿತ್ತು. ಬಿಗಿ ಮಾಡಿದೆ. ಇನ್ನೇನೂ ಸಿಗಲಿಲ್ಲ. ಹುಡುಕಿದ್ದು ಮಾತ್ರ ಕಡಿಮೆಯಲ್ಲ.

ಶಾಂತವ್ವ ಜೋಳದ ಚೀಲದ ಮೇಲೆ ಟವೆಲ್ ಹಾಸಿ ಕೂಡಿಸಿದಳು. ಅವರು ಎಡಗೈ ಮುಂದೆ ಚಾಚಿದರು. "ಪ್ಯಾಡ್ ಕೊಡು."

ಕೊಟ್ಟೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕಾಗದದ ಮೇಲೆ ಒತ್ತಿದರು, ಬೋಲ್ಟು ಬಿಗಿ ಮಾಡಿದ ಹಾಗೆ ಗಟ್ಟಿಯಾಗಿ. ಶಾಂತವ್ವ ಮತ್ತು ಮೈಬೂಬ ಸಾಕ್ಷಿ ಹಾಕಿದರು. ನನ್ನ ಕಣ್ಣು ತುಂಬಿ ಕಾಗದ ಮಸುಕಾಯಿತು, ಅದರ ಮೇಲೆ ಹನಿ ಬಿದ್ದರೆ ಪಾಟೀಲರು ಅದನ್ನೂ ಮರಳಿಸುತ್ತಾರೆಂದು ಬೇಗ ಮಡಚಿ ಒಳಗಿಟ್ಟೆ.

ಆಮೇಲೆ ಅವರು ಏಳುತ್ತೇನೆ ಎಂದರು. ಎಬ್ಬಿಸಿದೆವು. ನೇರ ಬೋರ್ಡಿನ ಕಡೆಗೆ ನಡೆದರು. ಮುಗಿದ ಕೆಲಸಕ್ಕೆ ನಮಸ್ಕಾರ ಮಾಡದೆ ಅವರು ಯಾವ ಸೈಟಿನಿಂದಲೂ ಹೊರಬಿದ್ದವರಲ್ಲ. ಗಿರಣಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ, ಕಂಬದಿಂದ ತಂತಿ ಕೂಡ ಎಳೆದಿರಲಿಲ್ಲ. ಶಾಯಿ ಹತ್ತಿದ ಎಡಗೈ ಮೇಲೆದ್ದಿತು. ಬೋರ್ಡಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಸೂಪರ್‌ವೈಸರ್ ಬಾಯಾರ," ಎಂದರು, "ಮುಟ್ಲ್ಯಾ?"

ಚೀಲದಿಂದ ಅವರದೇ ಹಳೆಯ ಟೆಸ್ಟರ್ ತೆಗೆದು ಹಚ್ಚಿ ನೋಡಿದೆ. ದೀಪ ಹತ್ತಲಿಲ್ಲ.

"ಮುಟ್ರಿ" ಎಂದೆ.